ಸ್ಕಾರ್ಪಿಯೋ ಎನ್ ಡೀಸೆಲ್ಲಾ, ಕ್ರೆಟಾ ಪೆಟ್ರೋಲಾ? ಕಲಬುರಗಿ ಕಡೆ ಓಡಿಸಿದವರು ಹೇಳಿ

ಆಳಂದ ರೋಡ್: ಮನೆ ಕಲಬುರಗಿ, ಹೊಲ ಆಳಂದದ ಹತ್ತಿರ. ವಾರಕ್ಕೊಮ್ಮೆ ಹೊಲ, ತಿಂಗಳಿಗೊಮ್ಮೆ ಹೈದರಾಬಾದ್, ಉಳಿದಂತೆ ಊರೊಳಗೇ. ಅಪ್ಪನಿಗೆ ಮೊಣಕಾಲು ನೋವು, ಹತ್ತಿ ಇಳಿಯೋದು ಕಷ್ಟ. ಎರಡರಲ್ಲಿ ಯಾವುದು?

ಕರಿಗಾಡಿ 32: ಸ್ಕಾರ್ಪಿಯೋ ಎನ್, ಕಣ್ಣು ಮುಚ್ಚಿ ತಗೊಳ್ಳಿ. ನನ್ನದು 2023ರದ್ದು, 61,000 ಕಿ.ಮೀ. ಆಯಿತು. ಮನೆ ಬ್ರಹ್ಮಪುರದ ಓಣಿಯಲ್ಲಿ. ಗಾಡಿ ಉದ್ದ 4,662 ಮಿ.ಮೀ. ಅಂತ ಬರೆದಿತ್ತು, ನಾನೇ ಅಂಗಳ ಅಳೆಯಲಿಲ್ಲ. ತಂದು ನಿಲ್ಲಿಸಿದರೆ ಗೇಟ್ ಹಾಕೋಕೆ ನಾಲ್ಕು ಬೆರಳು ಸಾಲದು. ಗೇಟ್ ಕಿತ್ತು ಮುಂದಕ್ಕೆ ಹಾಕಿಸಿದೆ. ವೆಲ್ಡಿಂಗ್ 11,000, ಗಾರೆಯವನಿಗೆ 4,500, ಪಕ್ಕದ ಮನೆಯವರ ಜೊತೆ ಜಗಳ ಫ್ರೀ. ಆದರೂ ಹೈವೇಯಲ್ಲಿ ಅದರ ಗತ್ತೇ ಬೇರೆ.

ತೊಗರಿ ಕಣಜ: ಗತ್ತು ಇಟ್ಟುಕೊಂಡು ಏನು ಮಾಡ್ತೀರಿ? ನನ್ನ ಕ್ರೆಟಾ ಪೆಟ್ರೋಲ್‌ಗೆ ಐದನೇ ವರ್ಷ. ಎಂಜಿನ್ ತಂಟೆ ಇಲ್ಲ. ಖರ್ಚೆಲ್ಲ ಹೊಲದ್ದು. ತೊಗರಿ ಕೊಯ್ದ ಮೇಲೆ ಉಳಿಯುವ ಕೂಳೆ ಗೊತ್ತಲ್ಲ, ಓರೆಯಾಗಿ ಕೊಯ್ದ ಮೊಳೆ ಇದ್ದಂಗೆ. ಟೈರಿನ ಪಕ್ಕಕ್ಕೇ ಹೊಕ್ಕಿತು. ಅಲ್ಲಿ ಹರಿದರೆ ಪಂಚರ್ ಹಾಕಲ್ಲ, ಹೊಸ ಟೈರೇ. 8,900. ಹದಿನೈದು ದಿನಕ್ಕೆ ಇನ್ನೊಂದು, ಮತ್ತೆ 8,900. ಆಮೇಲೆ ಇಲಿ. ಚೀಲದ ಪಕ್ಕ ಗಾಡಿ ನಿಲ್ಲಿಸಿದ್ದು ನನ್ನದೇ ತಪ್ಪು. ವೈರ್ ಕಡಿದು, ಬಾನೆಟ್ ಒಳಗೆ ಹಿಡಿ ತೊಗರಿ ಕೂಡಿಟ್ಟಿತ್ತು. 14,300.

ಕರಿಗಾಡಿ 32: ಹೊಲಕ್ಕೆ ಕ್ರೆಟಾ ಒಯ್ದರೆ ಇನ್ನೇನಾಗುತ್ತೆ?

ತೊಗರಿ ಕಣಜ: ಮಳೆ ಬಿದ್ದರೆ ಎರೆ ಮಣ್ಣಿನಲ್ಲಿ ನಿಮ್ಮದೂ ಹೂತುಕೊಳ್ಳುತ್ತೆ. ಫೋರ್ ವೀಲ್ ಡ್ರೈವ್ ಅಲ್ಲ ತಾನೆ? ಟ್ರ್ಯಾಕ್ಟರ್‌ನವನಿಗೆ ಎಷ್ಟು ಕೊಟ್ಟಿರಿ, ಅದನ್ನೂ ಬರೆಯಿರಿ.

ಕರಿಗಾಡಿ 32: ಒಂದೇ ಸಲ. 500.

ಸುಟ್ಟುಕೊಂಡವ: ಊರೊಳಗೇ ಜಾಸ್ತಿ ಅಂದರೆ ಡೀಸೆಲ್ ಬೇಡ. ನನ್ನದು ಬೇರೆ ಕಂಪನಿಯದ್ದು, ಹೆಸರು ಬೇಡ. ಮನೆ, ಶಾಲೆ, ಬಜಾರ್, ದಿನಕ್ಕೆ 6 ಕಿ.ಮೀ. ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇರುತ್ತಲ್ಲ, ಡಿಪಿಎಫ್, ಅದು ಚೆನ್ನಾಗಿ ಕಾದರೆ ತಾನೆ ಒಳಗಿನ ಮಸಿ ಸುಡೋದು? ಕಾಯೋದರೊಳಗೆ ಮನೆ ಬಂದಿರುತ್ತಿತ್ತು. ದೀಪ ಹತ್ತಿತು, ನೋಡೋಣ ಅಂತ ಬಿಟ್ಟೆ. ಗಾಡಿ ತಾನೇ ಶಕ್ತಿ ತಗ್ಗಿಸಿಕೊಂಡು ತೆವಳೋ ಲಿಂಪ್ ಮೋಡ್‌ಗೆ ಹೋದಾಗ ಸೇಡಂ ರೋಡಿನಲ್ಲಿ ಆಟೋಗಳು ಹಾರ್ನ್ ಹೊಡೆದು ನನ್ನ ಮುಂದೆ ಹೋದವು. ಮೊದಲು 6,200. ಆಮೇಲೆ 9,800. ಆಮೇಲೆ ಮಾರಿದೆ.

ಕರಿಗಾಡಿ 32: ದೀಪ ಹತ್ತಿದ ದಿನವೇ ಹುಮನಾಬಾದ್ ರೋಡಿಗೆ ಬಿಟ್ಟು ಅರ್ಧ ಗಂಟೆ ಎಳೆದಿದ್ದರೆ ಮುಗಿಯುತ್ತಿತ್ತು. ಗಾಡಿ ತಪ್ಪಲ್ಲ.

ಸುಟ್ಟುಕೊಂಡವ: ವಾರಕ್ಕೊಮ್ಮೆ ಗಾಡೀನ ವಾಕಿಂಗ್‌ಗೆ ಕರೆದುಕೊಂಡು ಹೋಗೋಕೆ ನನಗೇನು ಬೇರೆ ಕೆಲಸ ಇಲ್ವಾ?

ಬೀದರ್ ಕೋಟೆ: ಯಾವುದಾದರೂ ತಗೊಳ್ಳಿ, ಇಲ್ಲಿ ರಿಜಿಸ್ಟರ್ ಮಾಡಿಸಬೇಡಿ. 10 ಲಕ್ಷ ದಾಟಿದರೆ ನಮ್ಮಲ್ಲಿ ರೋಡ್ ಟ್ಯಾಕ್ಸ್ 17 ಪರ್ಸೆಂಟ್, 20 ದಾಟಿದರೆ 18. ನಾನು ಮಹಾರಾಷ್ಟ್ರದ ಉದಗೀರಿನ ಅತ್ತೆ ಮನೆ ವಿಳಾಸ ಕೊಟ್ಟು ಎಂಎಚ್ ನಂಬರ್ ಮಾಡಿಸಿದೆ. ಮುಕ್ಕಾಲು ಲಕ್ಷ ಉಳಿಯಿತು.

ತೊಗರಿ ಕಣಜ: 12 ತಿಂಗಳು ದಾಟಿ ಇಲ್ಲೇ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಗೊತ್ತಿಲ್ವಾ? ಟ್ಯಾಕ್ಸ್ ಮಹಾರಾಷ್ಟ್ರಕ್ಕೆ, ಗುಂಡಿ ಬಿದ್ದರೆ ಬೈಗುಳ ಬೀದರಿಗೆ!

ಬೀದರ್ ಕೋಟೆ: ಬೀದರಿನ ಕೆಎ-38 ಅಂತ ಬರೆಸಿದರೆ ಗುಂಡಿ ತಾನಾಗಿ ಮುಚ್ಚಿಕೊಳ್ಳುತ್ತಾ?

ಆಳಂದ ರೋಡ್: ಅಪ್ಪನ ಮೊಣಕಾಲಿನ ಬಗ್ಗೆ ಯಾರಾದರೂ...

ಕರಿಗಾಡಿ 32: ಎತ್ತರ ಇದೆ, ಸುಳ್ಳು ಹೇಳಲ್ಲ. ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟಿದ್ದೇನೆ. ನಮ್ಮವ್ವ ಅದರ ಮೇಲೆ ಕಾಲಿಟ್ಟು ಹತ್ತುತ್ತಾಳೆ. ಆಮೇಲೆ ಸ್ಟೂಲ್ ಎತ್ತಿಡೋಕೆ ನಾನು ಇಳಿಯಬೇಕು.

ಬೀದರ್ ಕೋಟೆ: ಸ್ಟೂಲ್ ಎಷ್ಟು ಬಿತ್ತು?

ಕರಿಗಾಡಿ 32: ಸೂಪರ್ ಮಾರ್ಕೆಟ್‌ನಲ್ಲಿ 220. ಇದು ಎರಡನೆಯದು.