ಶೂಬರ್ಟ್ ಕ್ವಾರ್ಟೆಟ್ ಮಿಕ್ಸ್ ಮಾಡೋಕೆ ಸಾಫ್ಟ್‌ವೇರ್ ಹೇಳೋ ಕೀ ನಂಬಬಹುದಾ?

ನಿಶಾಚರ: ಸಂಗೀತಕಾರ ಶೂಬರ್ಟ್ 1824ರಲ್ಲಿ ಬರೆದ ಡಿ ಮೈನರ್ ಕ್ವಾರ್ಟೆಟ್‌ನ (ನಾಲ್ಕು ತಂತಿವಾದ್ಯಗಳ ಕೃತಿ) ಕೊನೆಯ ಭಾಗವನ್ನು ನನ್ನ ಡಿಜೆ ಸೆಟ್‌ಗೆ ಸೇರಿಸಬೇಕು. ಕೀ, ಅಂದರೆ ಅದು ಯಾವ ಸ್ಕೇಲ್‌ನಲ್ಲಿದೆ ಅನ್ನೋದಕ್ಕೆ, ಡಿಜೆ ಸಾಫ್ಟ್‌ವೇರ್ ಕೊಡೋ ಕೋಡ್ ಒಂದು ರೆಕಾರ್ಡಿಂಗ್‌ಗೆ 7ಎ, ಇನ್ನೊಂದಕ್ಕೆ 7ಬಿ. ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಅಂತೂ ಕೇಳಲೇಬೇಡಿ. ಯಾವುದನ್ನು ನಂಬಲಿ?

ತಂತಿ_ಕಮಾನು: 7ಎ ಅಂದರೆ ಡಿ ಮೈನರ್, 7ಬಿ ಅಂದರೆ ಎಫ್ ಮೇಜರ್. ಎರಡರ ಸ್ಕೇಲ್‌ನಲ್ಲೂ ಅವೇ ಸ್ವರಗಳು, ಅದಕ್ಕೇ ಯಂತ್ರಕ್ಕೆ ಗಲಿಬಿಲಿ. ಆದರೆ ಇಡೀ ಟ್ರ್ಯಾಕ್‌ಗೆ ಒಂದೇ ಕೀ ಅಂಟಿಸಿ ಪ್ರಯೋಜನ ಇಲ್ಲ, ಯಾಕೆಂದರೆ ಶೂಬರ್ಟ್ ನಡುವೆ ಎಲ್ಲೆಲ್ಲೋ ಸುತ್ತಿ ಬರುತ್ತಾರೆ, ನೀವು ಮಿಕ್ಸ್ ಮಾಡೋ ಜಾಗ ಯಾವ ಕೀಯಲ್ಲಿದೆ ಅನ್ನೋದಷ್ಟೇ ಮುಖ್ಯ, ಅಲ್ವಾ? ಶುರು ಮತ್ತು ಕೊನೆ ಡಿ ಮೈನರೇ. ಅಲ್ಲಿಗೆ ಪಕ್ಕದ ಕೋಡ್‌ನ, ಅಂದರೆ 6ಎ ಅಥವಾ 8ಎ ಟ್ರ್ಯಾಕ್ ಹಾಕಿ ನೋಡಿ.

ಡೆಕ್ಕು: ಅದು 6/8 ತಾಳ ಗುರು. ಬಾರ್‌ಗೆ ಎರಡು ಬೀಟ್, ಒಂದೊಂದರಲ್ಲೂ ಮೂರು ಪುಟ್ಟ ನೋಟ್. ಸಾಫ್ಟ್‌ವೇರ್ ಯಾವುದನ್ನು ಎಣಿಸುತ್ತದೋ ದೇವರಿಗೇ ಗೊತ್ತು. ಡ್ರಮ್ ಇಲ್ಲ, ಕ್ಲಿಕ್ ಇಲ್ಲ, ನಾಲ್ಕು ಜನ ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸೋದು, ವೇಗ ಏರುಪೇರಾಗೇ ಆಗುತ್ತದೆ, ಕೊನೆಯಲ್ಲಿ ಪ್ರೆಸ್ಟಿಸಿಮೋ (ಅತಿ ವೇಗ) ಬೇರೆ ಇದೆ. ಸುಮ್ನೆ ಕೈಯಲ್ಲಿ ಟ್ಯಾಪ್ ಮಾಡಿ. ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯೋ ಸೌಲಭ್ಯ) ಮರೆಯಬೇಡಿ, ಅದಿಲ್ಲದೆ ವೇಗ ಶೇ. 6ರಷ್ಟು ಏರಿಸಿದರೆ ಶ್ರುತಿ ಅರ್ಧ ಸ್ವರ ಮೇಲೆ ಹೋಗುತ್ತದೆ.

ತಂತಿ_ಕಮಾನು: ಇನ್ನೊಂದು. ಕೆಲವು ತಂಡಗಳು ಎ ಸ್ವರವನ್ನು 440 ಹರ್ಟ್ಸ್ ಬದಲು 442, 443ಕ್ಕೆ ಕೂರಿಸುತ್ತವೆ. ಸಿಂತ್ (ಎಲೆಕ್ಟ್ರಾನಿಕ್ ವಾದ್ಯ) ಜೊತೆ ಸೇರಿಸಿದಾಗ ಕಿವಿಗೆ ಚುಚ್ಚುತ್ತದೆ. ಸಿಂತ್‌ನ ಶ್ರುತಿಯನ್ನೇ ಸ್ವಲ್ಪ ಏರಿಸಿ, ವಯೊಲಿನ್ ಮುಟ್ಟಬೇಡಿ.

ನಿಶಾಚರ: ಹಾಗಾದರೆ ಬೀಟ್ ಇಲ್ಲದ ಡ್ರೋನ್ (ಒಂದೇ ಸಮ ಎಳೆಯೋ ಸ್ವರ) ಮೇಲೆ ಬಿಡೋದೇ ವಾಸಿ ಅನ್ಸುತ್ತೆ.

ಡೆಕ್ಕು: ಹೂಂ, ಡಿ ಡ್ರೋನ್ ಹಾಕಿ.