ವಾಟ್ಸಾಪ್ ಸ್ಕ್ರೀನ್‌ಶಾಟ್ ನಂಬಿ ತಮ್ಮನಿಗೆ ಶಿಕ್ಷೆ ಆಗಿದೆ, ಮೇಲ್ಮನವಿ ನಿಲ್ಲುತ್ತಾ?

ಪ್ರಶ್ನೆ: ನಮಸ್ಕಾರ ಸರ್. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗಿಯ ಬೆನ್ನು ಹತ್ತಿದ ಎಂದು 2022ರಲ್ಲಿ ತಮ್ಮನ ಮೇಲೆ ಐಪಿಸಿ 354 (ಮಾನಭಂಗದ ಉದ್ದೇಶದ ಹಲ್ಲೆ) ಮತ್ತು 354ಡಿ (ಬೆನ್ನು ಬಿದ್ದು ಕಾಡುವುದು) ಕೇಸಾಯಿತು. ಹೋದ ವಾರ ಮ್ಯಾಜಿಸ್ಟ್ರೇಟ್ 354ರಲ್ಲಿ ಖುಲಾಸೆ ಮಾಡಿ, 354ಡಿಯಲ್ಲಿ ಒಂದು ವರ್ಷ ಸಜೆ ಕೊಟ್ಟರು. ಆಧಾರವೆಲ್ಲ ಸ್ಕ್ರೀನ್‌ಶಾಟ್ ಪ್ರಿಂಟ್, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವೇ ಇಲ್ಲ. ಜಾಮೀನಿಗೆ ಮೊದಲು 41 ದಿನ ಒಳಗಿದ್ದ. ತೀರ್ಪಿನಲ್ಲಿ ಅದರ ಮಾತೇ ಇಲ್ಲ.

ವಕೀಲರ ಉತ್ತರ: ಮೊದಲು ದಿನ ಎಣಿಸಿ. ಸೆಷನ್ಸ್ ಕೋರ್ಟಿಗೆ ಹೋಗಲು ಇರುವುದು 30 ದಿನ. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳು ಅದರಲ್ಲಿ ಸೇರುವುದಿಲ್ಲ, ಹಾಗಂತ ಸುಮ್ನೆ ಕೂರಬೇಡಿ.

ಪ್ರಮಾಣಪತ್ರ ಕಡ್ಡಾಯ ಎಂದು 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆಕೆ ತನ್ನ ಮೊಬೈಲನ್ನೇ ಕೋರ್ಟಿಗೆ ತಂದು ಸಾಕ್ಷಿ ಹೇಳಿದ್ದರೆ ಅದು ಬೇಕಿಲ್ಲ. ಇನ್ನೊಂದು ತೊಡಕಿದೆ. ಪ್ರಿಂಟನ್ನು ಕೋರ್ಟು ಸಾಕ್ಷ್ಯವಾಗಿ ನಿಶಾನೆ ಮಾಡುವಾಗ ನಿಮ್ಮ ವಕೀಲರು ಆಕ್ಷೇಪ ಎತ್ತಿದ್ದರಾ? ಆಗ ಬಾಯಿ ಮುಚ್ಚಿಕೊಂಡಿದ್ದು, ಪ್ರಮಾಣಪತ್ರ ಇಲ್ಲ ಎಂದು ಮೇಲ್ಮನವಿಯಲ್ಲಿ ಮೊದಲ ಸಲ ಹೇಳುವಂತಿಲ್ಲ ಎಂದು 2017ರ ಸೋನು ಪ್ರಕರಣ ಹೇಳುತ್ತದೆ. ಇಂಥ ಕೇಸುಗಳು ಜಾಸ್ತಿ ಎಡವುವುದು ಇಲ್ಲೇ.

41 ದಿನದ ಬಗ್ಗೆ ಚಿಂತೆ ಬೇಡ. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 428ರ ಪ್ರಕಾರ, ಅದರ ಜಾಗಕ್ಕೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್ 468, ಅದೇ ಕೇಸಿನಲ್ಲಿ ಒಳಗಿದ್ದ ದಿನಗಳನ್ನು ಸಜೆಯಿಂದ ಕಳೆಯಲೇಬೇಕು. ಅದು ಜಡ್ಜ್ ಕೃಪೆಯಲ್ಲ. 354ರಲ್ಲಿ ಖುಲಾಸೆ ಆದರೂ ಕೇಸು ಒಂದೇ ಅಲ್ವಾ? ಮೇಲ್ಮನವಿಯಲ್ಲಿ ಈ ಕಡಿತ, ಅಂದರೆ ಸೆಟ್ ಆಫ್, ಕೇಳಿ, ಜೊತೆಗೆ ಜೈಲಿನಿಂದ ದಿನಗಳ ಲೆಕ್ಕ ಬರೆಸಿಕೊಳ್ಳಿ.

ಸದಸ್ಯರೊಬ್ಬರು: ಜಾಮೀನಿನ ಮೇಲೆ ಹೊರಗಿದ್ದ ದಿನಗಳೂ ಸೇರುತ್ತವಾ ಸರ್?

ವಕೀಲರು: ಇಲ್ಲ. ದಂಡ ಕಟ್ಟದ್ದಕ್ಕೆ ಅನುಭವಿಸುವ ಸಜೆಯಿಂದಲೂ ಒಳಗಿದ್ದ ದಿನಗಳನ್ನು ಕಳೆಯುವುದಿಲ್ಲ. ದಂಡ ಹಾಕಿದ್ದರೆ ಕಟ್ಟಿಬಿಡಿ.

ಪ್ರಶ್ನೆ ಕೇಳಿದವರು: ಆಕ್ಷೇಪ ಎತ್ತಿಲ್ಲ ಸರ್. ಮೊಬೈಲನ್ನೂ ಪೊಲೀಸರು ವಶಕ್ಕೆ ಪಡೆದಿರಲಿಲ್ಲ.

ವಕೀಲರು: ಹಾಗಿದ್ದರೆ 65ಬಿ ಒಂದನ್ನೇ ನೆಚ್ಚಬೇಡಿ. ಸ್ಕ್ರೀನ್‌ಶಾಟ್ ಬಿದ್ದುಹೋದರೂ, ಆಕೆಯ ಮಾತು ನಂಬುವಂತಿದ್ದರೆ ಅದೊಂದೇ ಸಾಕಾಗಬಹುದು. ಮೆಸೇಜು, ಹಿಂಬಾಲಿಸಿದ್ದು ಎಂದಾದರೆ 354ಡಿಗೆ ಎರಡು ಅಂಶ ಬೇಕು: ಆಕೆ ಬೇಡ ಎಂದು ಸ್ಪಷ್ಟಪಡಿಸಿರಬೇಕು, ಆಮೇಲೂ ಇವನು ಪದೇ ಪದೇ ಬೆನ್ನು ಬಿದ್ದಿರಬೇಕು. ಪಾಟೀಸವಾಲಿನಲ್ಲಿ ಆಕೆ ಇದಕ್ಕೆ ಏನು ಉತ್ತರ ಕೊಟ್ಟಿದ್ದಾರೆ? ಪೂರ್ತಿ ಚಾಟ್ ಯಾಕೆ ಹಾಜರಾಗಲಿಲ್ಲ? ಆ ಪುಟಗಳನ್ನು ತೆಗೆದುಕೊಂಡು ವಕೀಲರ ಹತ್ತಿರ ಹೋಗಿ.