ಪದಚರ್ಚೆ: ‘ಖಾಸಗಿ ಸೇನಾ ವಾಹನ’, ‘ಜೀವಂತ ಇತಿಹಾಸ’, ‘ಬದಲಿ ವಾಹನ’

ಬಳಗದ ಎಲ್ಲರಿಗೂ ನಮಸ್ಕಾರ.

ಎರಡನೆಯ ಮಹಾಯುದ್ಧದ ಕಾಲದ ಜೀಪು, ಲಾರಿ, ಸೈಡ್‌ಕಾರ್ ಮೋಟಾರ್‌ಸೈಕಲ್‌ಗಳನ್ನು ಸ್ವಂತ ಖರ್ಚಿನಲ್ಲಿ ಸರಿಪಡಿಸಿ ಇಟ್ಟುಕೊಂಡವರು, ಆ ಕಾಲದ ಸಮವಸ್ತ್ರ ತೊಟ್ಟು, ಬಯಲಿನಲ್ಲಿ ಶಿಬಿರ ಹೂಡಿ, ನೋಡಲು ಬಂದವರಿಗೆ ಅಂದಿನ ಸೈನಿಕ ಜೀವನವನ್ನು ಮಾಡಿ ತೋರಿಸುವ ಪರಿಪಾಠ ಹಲವು ದೇಶಗಳಲ್ಲಿದೆ. ಇಂಗ್ಲಿಷಿನಲ್ಲಿ ‘ಲಿವಿಂಗ್ ಹಿಸ್ಟರಿ’ ಎನ್ನುವ ಈ ಚಟುವಟಿಕೆಯ ಕುರಿತು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೈಗೆ ಸಿಗುವ ಪದಗಳಲ್ಲಿ ಕೆಲವು ಓದುಗರನ್ನು ಬೇರೆಯೇ ಅರ್ಥಕ್ಕೆ ಒಯ್ಯುತ್ತಿರುವುದರಿಂದ ನಿಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲನೆಯದು ‘ಖಾಸಗಿ ಸೇನಾ ವಾಹನ’. ಇಲ್ಲಿ ‘ಖಾಸಗಿ’ ಎಂಬ ವಿಶೇಷಣ ‘ವಾಹನ’ವನ್ನು ತಲುಪುವ ಮೊದಲೇ ‘ಸೇನೆ’ಗೆ ಅಂಟಿಕೊಳ್ಳುತ್ತದೆ, ಓದಿದವರಿಗೆ ಯಾರೋ ಕಟ್ಟಿಕೊಂಡ ಖಾಸಗಿ ಸೇನೆಯ ವಾಹನ ಎಂದೇ ಅನ್ನಿಸುತ್ತದೆ. ‘ಖಾಸಗಿ ಒಡೆತನದ ಹಳೆಯ ಸೇನಾ ವಾಹನ’ ಎಂದರೆ ಗೊಂದಲವಿಲ್ಲ, ಆದರೆ ಶೀರ್ಷಿಕೆಗೆ ಉದ್ದವಾಯಿತು. ‘ವಿಂಟೇಜ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳೋಣವೆಂದರೆ, ಬ್ರಿಟನ್ನಿನ ಕಾರುಪ್ರಿಯರ ಬಳಕೆಯಲ್ಲಿ ಅದು 1919ರಿಂದ 1930ರವರೆಗೆ ತಯಾರಾದ ಕಾರುಗಳಿಗೆ ಮೀಸಲಾದ ಮಾತು. 1943ರ ಜೀಪು ಆ ಲೆಕ್ಕಕ್ಕೆ ಬರುವುದಿಲ್ಲ. ‘ಪುರಾತನ’ ಎಂಬುದಂತೂ ಶಾಸನ, ದೇವಾಲಯಗಳ ಕಾಲಕ್ಕೆ ಕರೆದೊಯ್ಯುತ್ತದೆ. ಯುದ್ಧದ ವರ್ಷಗಳಲ್ಲೇ ತಯಾರಾದುದಕ್ಕೆ ‘ಯುದ್ಧಕಾಲದ ವಾಹನ’, ಉಳಿದವಕ್ಕೆ ಬರಿಯ ‘ಹಳೆಯ ಸೇನಾ ವಾಹನ’ ಸಾಕೆಂದು ನನ್ನ ಎಣಿಕೆ.

‘ಜೀವಂತ ಇತಿಹಾಸ’ ಪದಶಃ ಸರಿಯಾಗಿದ್ದರೂ ಅದನ್ನು ನಾವು ಈಗಾಗಲೇ ಬೇರೆಡೆ ಬಳಸುತ್ತಿದ್ದೇವೆ. ಒಂದು ಕಾಲಘಟ್ಟವನ್ನು ಕಣ್ಣಾರೆ ಕಂಡ ಹಿರಿಯರನ್ನು ‘ಜೀವಂತ ಇತಿಹಾಸ’ ಎಂದು ಗೌರವದಿಂದ ಕರೆಯುತ್ತೇವೆ. ‘ಮರುಅಭಿನಯ’ ಎಂಬುದು ನಡೆದ ಒಂದು ಕಾಳಗವನ್ನು ಆದಿಯಿಂದ ಅಂತ್ಯದವರೆಗೆ ಆಡಿ ತೋರಿಸುವುದಕ್ಕೆ ಹೊಂದುತ್ತದೆ. ನಾನು ಹೇಳುತ್ತಿರುವ ಪ್ರದರ್ಶನದಲ್ಲಿ ಕಥೆ ಇರುವುದಿಲ್ಲ: ಒಬ್ಬರು ಟೈರು ಬಿಚ್ಚಿ ತೇಪೆ ಹಾಕುತ್ತಿರುತ್ತಾರೆ, ಇನ್ನೊಬ್ಬರು ವೈರ್‌ಲೆಸ್ ಸೆಟ್ಟಿನ ಮುಂದೆ ಕೂತಿರುತ್ತಾರೆ, ಶತ್ರು ವಿಮಾನಗಳಿಗೆ ಕಾಣದಂತೆ ಬೆಳಕನ್ನು ಮಂಕು ಮಾಡುವ ದೀಪಗಳನ್ನು ಮತ್ತೊಬ್ಬರು ವಿವರಿಸುತ್ತಿರುತ್ತಾರೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದೇ ಅವರ ಮುಖ್ಯ ಕೆಲಸ. ಕೃಷಿ, ವಿಜ್ಞಾನ, ಕಲೆಗಳಲ್ಲಿ ನೆಲೆ ನಿಂತಿರುವ ‘ಪ್ರಾತ್ಯಕ್ಷಿಕೆ’ ಎಂಬ ಪದ ಇದಕ್ಕೆ ಬಹಳ ಹತ್ತಿರವೆನಿಸಿ, ಸದ್ಯಕ್ಕೆ ‘ಇತಿಹಾಸ ಪ್ರಾತ್ಯಕ್ಷಿಕೆ’ ಎಂದು ಬರೆಯುತ್ತಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಮೂರನೆಯ ಪದ, ಅಸಲಿ ವಾಹನದ ಜಾಗದಲ್ಲಿ ನಿಲ್ಲಿಸುವ, ಅದನ್ನು ಹೋಲುವ ಬೇರೆ ವಾಹನದ ಹೆಸರು. ಯುದ್ಧಕಾಲದಲ್ಲಿ ವಿಲ್ಲಿಸ್ ಕಂಪನಿ 3,60,000ಕ್ಕೂ ಹೆಚ್ಚು, ಫೋರ್ಡ್ ಕಂಪನಿ 2,77,000ಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದರಿಂದ ಅಸಲಿ ಜೀಪು ಇಂದಿಗೂ ಸಿಗುತ್ತದೆ. ಆದರೂ ಶಿಬಿರಗಳಲ್ಲಿ ನಿಂತಿರುವುದೆಲ್ಲ ಅದೇ ಅಲ್ಲ. ಫ್ರಾನ್ಸಿನ ಹಾಚ್‌ಕಿಸ್ ಕಂಪನಿ ಯುದ್ಧ ಮುಗಿದು ವರ್ಷಗಳ ನಂತರ ಪರವಾನಗಿ ಪಡೆದು ತಯಾರಿಸಿದ ಎಂ201, ನೋಟಕ್ಕೆ ವಿಲ್ಲಿಸ್ ಕಂಪನಿಯ ಯುದ್ಧಕಾಲದ ಜೀಪಾದ ಎಂಬಿಯಂತೆಯೇ ಇರುವುದರಿಂದ ಅದರ ಜಾಗದಲ್ಲಿ ನಿಲ್ಲುತ್ತದೆ. 1950ರಲ್ಲಿ ಬಂದ ಎಂ38 ಕೂಡ ಅದೇ ಮನೆತನದ್ದು. ಅದರ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು, ಹಳೆಯದರದು 6 ವೋಲ್ಟಿನದು, ಮುಂದೀಪಗಳು ಜಾಲರಿಯಿಂದ ಹೊರಚಾಚಿರುವುದೂ ಗಮನಿಸಿದವರಿಗೆ ಕಾಣುತ್ತದೆ. ಜರ್ಮನಿಯ ಬಿಎಂಡಬ್ಲ್ಯು ಆರ್71ರ ಆಧಾರದಲ್ಲಿ ಸೋವಿಯತ್ ಒಕ್ಕೂಟ ತಯಾರಿಸಿದ ಎಂ-72 ಸೈಡ್‌ಕಾರ್ ಮೋಟಾರ್‌ಸೈಕಲ್ ಬೂದುಬಣ್ಣ ಬಳಿದುಕೊಂಡು ಜರ್ಮನ್ ಸೇನೆಯದಾಗುತ್ತದೆ.

ಇಂಥವನ್ನು ಏನೆಂದು ಕರೆಯಬೇಕು? ‘ನಕಲಿ’ ಎಂದರೆ ಮೋಸದ ಆರೋಪ. ಮಾಲೀಕರು ಮೋಸ ಮಾಡಿಲ್ಲ, ಕೇಳಿದವರಿಗೆ ಅದು ಏನೆಂದು ತಾವೇ ಹೇಳುತ್ತಾರೆ. ‘ಪ್ರತಿಕೃತಿ’ ಎಂದರೂ ತಪ್ಪು, ಏಕೆಂದರೆ ಎಂ201 ಪ್ರದರ್ಶನಕ್ಕಾಗಿ ಮಾಡಿದ ಗೊಂಬೆಯಲ್ಲ, ಫ್ರೆಂಚ್ ಸೇನೆಯಲ್ಲಿ ದುಡಿದ ನಿಜವಾದ ಸೇನಾ ವಾಹನ. ಅದಕ್ಕೆ ಅದರದೇ ಚರಿತ್ರೆಯಿದೆ. ‘ಬದಲಿ ವಾಹನ’ ಎಂದರೆ ಕೆಟ್ಟು ನಿಂತ ಬಸ್ಸಿನ ಪ್ರಯಾಣಿಕರಿಗಾಗಿ ಕಳುಹಿಸಿದ ಇನ್ನೊಂದು ಬಸ್ಸು ನೆನಪಾಗುತ್ತದೆ. ನನಗೆ ತೋಚಿದ್ದು ‘ಪ್ರಾತಿನಿಧಿಕ ವಾಹನ’: ಇದು ತಾನು ಅದಲ್ಲವೆಂದು ಒಪ್ಪಿಕೊಂಡೇ ಅದರ ಪರವಾಗಿ ನಿಲ್ಲುತ್ತದೆ. ಫಲಕದಲ್ಲಿ ಈ ಪದದ ಕೆಳಗೆ ತಯಾರಿಕೆಯ ವರ್ಷ ಮತ್ತು ದೇಶವನ್ನು ಬರೆದರೆ ವಾಹನಕ್ಕೂ ನೋಡುವವರಿಗೂ ನ್ಯಾಯ ಸಿಗುತ್ತದೆ. ಪದ ಸ್ವಲ್ಪ ಭಾರವಾಯಿತೇ ಎಂಬ ಅಳುಕು ಇದೆ.

ಸರಿಪಡಿಸುವ ಕೆಲಸಕ್ಕೆ ‘ದುರಸ್ತಿ’ ಸಾಲದು, ‘ಜೀರ್ಣೋದ್ಧಾರ’ ದೇವಾಲಯಕ್ಕೆ ಸೇರಿದ್ದು. ‘ಪುನಶ್ಚೇತನ’ ಒಪ್ಪಬಹುದು. ಆದರೆ ಹಳೆಯ ಚಾಸಿಯ ಮೇಲೆ ಇತ್ತೀಚೆಗೆ ಅಚ್ಚು ಹಾಕಿದ ಹೊಸ ಬಾಡಿಯನ್ನು ಕೂರಿಸಿದ ಜೀಪುಗಳೂ ಬಹಳ ಇವೆ. ಅವಕ್ಕೂ ಅದೇ ಪದ ಬಳಸುವುದು ನನಗೆ ಸರಿಯೆನಿಸುವುದಿಲ್ಲ. ಫೋರ್ಡ್ ಕಂಪನಿ ತಲೆಯ ಮೇಲೆ ‘ಎಫ್’ ಅಕ್ಷರ ಒತ್ತಿದ ಅಸಲಿ ಬೋಲ್ಟುಗಳನ್ನೂ ಹುಡುಕಿ ಹುಡುಕಿ ಜೋಡಿಸಿದವರ ಶ್ರಮಕ್ಕೆ ಬೇರೆ ಹೆಸರು ಸಲ್ಲಬೇಕು. ಹೊಸ ಬಾಡಿಯದನ್ನು ‘ಪುನರ್ನಿರ್ಮಿತ’ ಎಂದು ಪ್ರತ್ಯೇಕಿಸಬಹುದೇ?

ವಾಹನದ ಮೇಲೆ ಕೂರಿಸಿದ ಬಂದೂಕಿನ ವಿಷಯದಲ್ಲಿ ಮಾತ್ರ ಸಡಿಲ ಮಾತು ಕೂಡದು. ಒಂದು ಕಾಲಕ್ಕೆ ನಿಜವಾಗಿ ಗುಂಡು ಹಾರಿಸುತ್ತಿದ್ದು ಈಗ ಶಾಶ್ವತವಾಗಿ ಹಾರದಂತೆ ಮಾಡಿದ್ದು ‘ನಿಷ್ಕ್ರಿಯಗೊಳಿಸಿದ ಬಂದೂಕು’. ಮೊದಲಿನಿಂದಲೂ ಮರದಲ್ಲೋ ರಬ್ಬರಿನಲ್ಲೋ ಮಾಡಿದ್ದು ‘ಮಾದರಿ ಬಂದೂಕು’. ಕಾನೂನು ಇವೆರಡನ್ನೂ ಒಂದೇ ರೀತಿ ನೋಡಬೇಕೆಂದಿಲ್ಲವಾದ್ದರಿಂದ ಬರವಣಿಗೆಯಲ್ಲೂ ಅವು ಬೆರೆಯಬಾರದು.

‘ಪ್ರಾತಿನಿಧಿಕ’ಕ್ಕಿಂತ ಹಗುರವಾದ, ಆಡುಮಾತಿಗೆ ಹತ್ತಿರವಾದ ಪದ ಯಾರಿಗಾದರೂ ಹೊಳೆದರೆ, ಅಥವಾ ರಂಗಭೂಮಿಯವರಲ್ಲಿ ಅಸಲಿ ವಸ್ತುವಿನ ಜಾಗದಲ್ಲಿ ಇಡುವ ಪರಿಕರಕ್ಕೆ ಈಗಾಗಲೇ ಒಂದು ಮಾತು ಬಳಕೆಯಲ್ಲಿದ್ದರೆ, ಅದನ್ನು ಒಂದು ಉದಾಹರಣೆ ವಾಕ್ಯದೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.